ಗಿಳಿಹಸಿರು ಸೀರೆಯ ಚೂರುಗಳು

ನುಸಿಗುಳಿಗೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ದೇಶದ ರಾಜಧಾನಿಯ ಪೀತಮ್‌ಪುರದ ನಮ್ಮ ಎರಡನೇ ಮಹಡಿಯ ಮನೆ, ಮಂಚದಡಿಯ ಟ್ರಂಕು, ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಅಮ್ಮ, ಎಲ್ಲ ಎದ್ದು ಬರುತ್ತವೆ. ವಾಸನೆಯಲ್ಲಷ್ಟೇ ಉಳಿದ ಮನೆ ನಿಮಗೂ ಒಂದಿದ್ದೀತು. ಎರಡು ಸಾವಿರದ ಇಸವಿಯ ಈಚಿನ ವರ್ಷಗಳವು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ಮಹಾ ಅನುಮಾನದ ಮನುಷ್ಯ. ಕಲ್ಲಂಗಡಿಯನ್ನು ತಟ್ಟಿ, ಕಿವಿಗೊಟ್ಟು ಕೇಳಿ, "ಭಯ್ಯಾ, ಕಾಟ್ ಕೇ ದಿಖಾವೋ" ಎಂದು ಕೊಯ್ಯಿಸಿ ನೋಡಿದ ಮೇಲೂ ಅದನ್ನು ಪೂರ್ತಿ ನಂಬುತ್ತಿರಲಿಲ್ಲ. ಅಮ್ಮ ಅವರನ್ನು ಸಂಶಯಪಿಶಾಚಿ ಅನ್ನುತ್ತಿದ್ದಳು.

ಅಂಥವರಿಗೇ ನಮ್ಮ ಕನ್ನಡದ ಮನೆಗಳವರು ದಾರಿ ನೋಡಿಬರುವ ಕೆಲಸ ಒಪ್ಪಿಸಿದ್ದರು. ಬೇಸಿಗೆ ರಜೆಯಲ್ಲಿ ನಾಲ್ಕಾರು ಸಂಸಾರ ಸೇರಿ ಹಿಮಾಚಲದ ಬೆಟ್ಟಗಳಲ್ಲಿ ನಡೆಯುವುದು ವಾಡಿಕೆ. ಅದಕ್ಕೆ ಮೊದಲು ಅಪ್ಪ ಒಬ್ಬರೇ ಹೋಗಿ, ಕೋಲಿನಿಂದ ನೆಲ ತಟ್ಟುತ್ತಾ, ಗಟ್ಟಿಯಿದ್ದಲ್ಲಿ ಪೊದೆಗೆ ಬಟ್ಟೆಯ ಚೂರು ಕಟ್ಟಿ ಬರುತ್ತಿದ್ದರು. ಅವರು ಹೂಂ ಅಂದರಷ್ಟೇ ಹೊರಡುವುದು. ಆ ವರ್ಷದ್ದು ಘಟ್ಟ ಹತ್ತಿ ಆಚೆ ಇಳಿಯುವ ಹಳೆಯ ಕಾಲುದಾರಿ. ಅದನ್ನು ರಿಪೇರಿ ಮಾಡುವವರು ಯಾರೂ ಇರಲಿಲ್ಲ. ಆದರೆ ಮೇಲೆ ಹಿಮ ಇರುತ್ತದಂತೆ! ಹಿಮ ಮುಟ್ಟುತ್ತೇನೆಂದು ನಾನು ಇಡೀ ಕ್ಲಾಸಿಗೆ ಸಾರಿಬಿಟ್ಟಿದ್ದೆ.

ಅಪ್ಪ ಬೇಗನೆ ವಾಪಸು ಬಂದರು. "ದಾರಿ ಕುಸಿದಿದೆ. ಈ ಸಲ ಬೇಡ," ಎಂದರು.

"ಎಲ್ಲಿ ಕುಸಿದಿದೆ?" ಅಮ್ಮ ಕೇಳಿದಳು.

"ಮೇಲೆ."

"ಮೇಲೆ ಅಂದ್ರೆ ಎಲ್ಲಿ ರೀ?"

"ಮೇಲೆ ಅಂದ್ರೆ ಮೇಲೆ ಕಣೇ."

"ಝೂಟ್! ಬರೀ ಸುಳ್ಳು! ಅಪ್ಪ ಹೋಗೇ ಇಲ್ಲ!" ಎಂದು ಕಿರುಚಿ ನಾನು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡೆ. ಅಮ್ಮನಿಗೂ ನಂಬಿಕೆ ಬರಲಿಲ್ಲ. ಬೂಟಿನ ಅಡಿ ತಿರುಗಿಸಿ ನೋಡಿದಳು, ಚೀಲ ಕೊಡವಿದಳು. ಆಮೇಲೆ ಟ್ರಂಕು ತೆರೆದರೆ ಅವಳ ಗಿಳಿಹಸಿರು ನೈಲಾನ್ ಸೀರೆಯೇ ಇಲ್ಲ. "ಯಾರಿಗೆ ಕೊಟ್ರಿ?" ಎಂದರೆ ಅಪ್ಪ ಟೀ ಊದುತ್ತಾ, "ಇರುತ್ತೆ ಬಿಡು ಎಲ್ಲಾದ್ರೂ," ಎಂದರು. ಹಿಂದೆಲ್ಲ ಹಳೆಯ ಸೀರೆ ಹರಿದು ಚೂರು ಮಾಡುವಾಗ ಅವಳನ್ನು ಕೇಳಿಯೇ ಒಯ್ಯುತ್ತಿದ್ದವರು, ಈ ಸಲ ಕೇಳಿರಲಿಲ್ಲ. ಆ ಪ್ರಶ್ನೆ ನಮ್ಮ ಮನೆಯಲ್ಲಿ ಬಹಳ ದಿನ ಹೊಗೆಯಾಡಿತು. ಆ ಚಳಿಗಾಲದಲ್ಲೇ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ನಾವು ಮನೆ ಖಾಲಿ ಮಾಡಿದೆವು.

ಇಷ್ಟು ವರ್ಷಗಳ ಮೇಲೆ, ಕಳೆದ ಬೇಸಿಗೆ, ಅವರ ಕೋಲು ಹಿಡಿದು ಆ ದಾರಿಗೆ ನಾನೇ ಹೋದೆ. ಬೆಟ್ಟದ ಬುಡದ ಚಹಾ ಅಂಗಡಿಯ ಮುದುಕಿ, "ಯೇ ರಾಸ್ತಾ ಕಭೀ ನಹೀಂ ಟೂಟಾ, ಬೇಟೀ," ಎಂದಳು. ದಾರಿ ಯಾವತ್ತೂ ಕುಸಿದೇ ಇಲ್ಲವಂತೆ, ಮುಳ್ಳು ಬೆಳೆದಿದೆ, ಅಷ್ಟೇ. ಅಪ್ಪನ ಮಗಳಲ್ಲವೇ, ಅವಳನ್ನೂ ನಂಬದೆ ತಟ್ಟಿ ತಟ್ಟಿ ಹತ್ತಿದೆ. ಪೊದೆಗಳಲ್ಲಿ ಚೂರುಗಳಿದ್ದವು. ಬಿಸಿಲಿಗೆ ಬೆಳ್ಳಗಾಗಿದ್ದರೂ ಗಂಟು ಬಿಡಿಸಿದರೆ ಒಳಗೆ ಇನ್ನೂ ಗಿಳಿಹಸಿರು. ಅಯ್ಯೋ ಅಪ್ಪಾ, ಹೋಗಿದ್ದೆಯಲ್ಲ!

ಏರು ಕಡಿದಾಗುವ ಕಡೆ, ಕೂರಲು ಬರುವಂಥ ಒಂದು ಚಪ್ಪಟೆ ಕಲ್ಲಿನ ಬಳಿ ಚೂರುಗಳು ಮುಗಿದವು. ಮಿಕ್ಕ ಸೀರೆಯನ್ನೆಲ್ಲ ಮುದ್ದೆ ಮಾಡಿ ಅಲ್ಲೇ ಒಂದು ಪೊದೆಗೆ ಕಟ್ಟಿಬಿಟ್ಟಿದ್ದರು. ಮುಂದೆ ಕಟ್ಟಲೆಂದು ತಂದದ್ದು. ಆ ಕಲ್ಲಿನ ಮೇಲೆ ಎದೆ ಹಿಡಿದು ಕೂತವರು ಎಷ್ಟು ಹೊತ್ತು ಕೂತಿದ್ದರೋ, ಎದ್ದು ಹೇಗೆ ಇಳಿದರೋ. ಕುಸಿದದ್ದು ದಾರಿಯಲ್ಲ ಎಂದು ನಮಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ನಾನು ಆ ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ.

ಆಮೇಲೆ ಎದ್ದು, ಕಲ್ಲಿನಾಚೆಯ ನೆಲವನ್ನು ಅವರ ಕೋಲಿನಿಂದ ತಟ್ಟಿ ನೋಡಿದೆ.

"ಗಟ್ಟಿಯಾಗಿದೆ, ಅಪ್ಪಾ," ಎಂದೆ.