ಜುಮುಕಿಯೊಳಗಿನ ಹೆಬ್ಬೆಟ್ಟು

ನಾಶಿಕ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವುದು ನನ್ನ ಕೆಲಸವಾಗಿತ್ತು. ಆ ಚಟ ಮನೆಯಲ್ಲೂ ಬಿಡಲಿಲ್ಲ. ಹೆಂಡತಿ ಮಣ್ಣಿನಲ್ಲಿ ಆಭರಣ ಮಾಡಿ, ಸುಟ್ಟು, ಹಳೇ ಚಿನ್ನದಂತೆ ಕಾಣುವ ಬಣ್ಣ ಬಳಿಯುತ್ತಿದ್ದಳು. ಒಂದು ಸೆಟ್‌ನ ಜುಮುಕಿಗಳನ್ನು ನಾನೇ ಮಾಡುತ್ತೇನೆಂದು ಕೂತೆ. ಕಾರ್ಖಾನೆಯಲ್ಲಿ ಬಳಸುವಂಥ ವರ್ನಿಯರ್ ಅಳತೆಗೋಲು ಹಿಡಿದು, ಎರಡೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ತಿದ್ದಿದೆ.

"ಇಷ್ಟ್ಯಾಕ ಅಳೀತೀರಿ? ಕಿವಿ ಎರಡೂ ಒಂದೇ ಸಮ ಇರ್ತಾವೇನ್ರಿ?" ಅಂದಳು. ನಾನು ಕೇಳಲಿಲ್ಲ.

ಸಂಭಾಜಿನಗರಕ್ಕೆ ಇನ್ನೂ ಔರಂಗಾಬಾದ್ ಅನ್ನುತ್ತಿದ್ದ ಕಾಲ. ಅಲ್ಲಿಯ ಕರಕುಶಲ ಮೇಳಕ್ಕೆ ಹೋದೆವು. ಕೈಯಿಂದ ಮಾಡಿದ್ದಕ್ಕೆ ಮಾತ್ರ ಅಲ್ಲಿ ಜಾಗ. ಮೇಳ ನಡೆಸುತ್ತಿದ್ದ ಮರಾಠಿ ಹೆಂಗಸು ಜುಮುಕಿಗಳನ್ನು ಅಕ್ಕಪಕ್ಕ ಹಿಡಿದು ನೋಡಿದರು.

"ಇದು ಮಾರ್ಕೆಟ್‌ನಿಂದ ತಂದ ಮಶೀನ್ ಮಾಲು. ಕೈಯಲ್ಲಿ ಇಷ್ಟು ಸರಿಸಮ ಬರೋದಿಲ್ಲ. ಟೇಬಲ್ ಖಾಲಿ ಮಾಡಿ" ಎಂದು ಮರಾಠಿಯಲ್ಲಿ ಹೇಳಿಬಿಟ್ಟರು.

"ಅಳತೆ ಹಿಡಿದು ಮಾಡಿದ್ದು, ಮೇಡಂ" ಅಂದೆ. ಅವರ ಅನುಮಾನ ಇನ್ನೂ ಗಟ್ಟಿಯಾಯಿತು. ಮೂರು ತಿಂಗಳು ದುಡಿದ ಹೆಂಡತಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅವಳು ಒಂದು ಜುಮುಕಿಯನ್ನು ಅಂಗಾತ ಮಾಡಿ ತೋರಿಸಿದಳು. ಬಣ್ಣ ಬಳಿಯದ ಒಳಮೈಯಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ಮೂಡಿತ್ತು, ಎಂದೋ ಕಾರ್ಖಾನೆಯಲ್ಲಿ ಲೋಹ ಉಜ್ಜುವ ಅರ ತಾಗಿ ಆದ ಗಾಯದ ಅಡ್ಡಗೆರೆಯ ಸಮೇತ. ಆ ಹೆಂಗಸು ನನ್ನ ಕೈ ಚಾಚಿಸಿ, ಬೆರಳಿನ ಪಕ್ಕ ಜುಮುಕಿ ಹಿಡಿದು ನೋಡಿ ನಕ್ಕೇಬಿಟ್ಟರು. "ಕೂತ್ಕೊಳ್ಳಿ" ಅಂದರು. ಹೋದ ಜೀವ ಬಂತು.

ಕಾರ್ಖಾನೆಯಲ್ಲಾಗಿದ್ದರೆ ಅಂಥ ಗುರುತು ಬಿದ್ದ ಬಿಡಿಭಾಗವನ್ನು ನಾನು ಎರಡನೇ ಸಲ ನೋಡದೆ ರಿಜೆಕ್ಟ್ ಮಾಡುತ್ತಿದ್ದೆ.