ಬ್ಯಾಟರಿ ಗಾಡಿಗೆ ಪಿಕಪ್ ಬಂದದ್ದು

ಅಥಣಿಯಿಂದ ಕಾಗವಾಡಕ್ಕೆ ಹೋಗುವ ದೊಡ್ಡ ರಸ್ತೆಯ ಈಚೆ ನಮ್ಮ ತೋಟದ ಮನೆ. ಆಚೆ ಬದಿಗೆ, ಒಂದೂವರೆ ಮೈಲಿ ಒಳಗೆ, ನನಗೆ ನೌಕರಿ ಸಿಕ್ಕ ಶಾಲೆ. ಕಬ್ಬಿನ ಹೊಲಗಳ ನಡುವೆ ಎರಡೇ ಕೋಣೆಯ ಶಾಲೆ ಅದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೂರು ವರ್ಷದವಳಿದ್ದಾಗ ಬಂದ ಪೋಲಿಯೊ ನನ್ನ ಎಡಗಾಲನ್ನು ಪೂರ್ತಿ, ಬಲಗಾಲನ್ನು ಅರ್ಧ ತೆಗೆದುಕೊಂಡು ಹೋಗಿತ್ತು. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಅಂಗಳ ದಾಟಿ ಬಂದರೆ ಒಂದು ಗಳಿಗೆ ಕೂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಹಾಗಾಗಿ ಶಾಲೆಯ ಆರ್ಡರ್ ಕೈಗೆ ಬಂದ ದಿನ ಅವ್ವ ಸಕ್ಕರೆ ಹಂಚಿದಳಾದರೂ ಅವಳ ಮೊದಲ ಮಾತು, "ದಿನಾ ಹೋಗೂದ ಹೆಂಗ?" ಎಂದೇ ಇತ್ತು.

"ಅದನ್ನ ನನಗ ಬಿಡಬೇ" ಅಂದ ಅಣ್ಣ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಸುಟ್ಟುಹೋದ ನೀರಿನ ಪಂಪುಗಳ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ವೈಂಡಿಂಗ್ ಅಂಗಡಿ ಅವನದು, ರಸ್ತೆಯ ಮೇಲೆಯೇ ಇತ್ತು. ಬೇಸಿಗೆಯಲ್ಲಿ ಅವನಿಗೆ ಉಣ್ಣಲೂ ಪುರಸೊತ್ತು ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಮಾತ್ರ ಖಾಲಿ ಕೂತು, ಕೈ ಸುಮ್ಮನಿರದೆ ಏನಾದರೊಂದು ಬಿಚ್ಚಿ ಜೋಡಿಸುತ್ತಿದ್ದ.

ಒಂದನೆಯ ಇಯತ್ತೆಯಿಂದ ಮೆಟ್ರಿಕ್ ತನಕ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಮುಟ್ಟಿಸಿದವನು ಅವನೇ. ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಕಾಲುವೆಯ ಏರಿಯ ಮೇಲೆ ಅವನ ಗೆಳೆಯರು ನಮ್ಮನ್ನು ಹಿಂದೆ ಹಾಕಿ ಹೋದರು. ನಾನು ಅವನ ಅಂಗಿ ಜಗ್ಗಿ, "ಜೋರ ಹೊಡಿ, ಜೋರ ಹೊಡಿ" ಎಂದು ಕೂಗಿದೆ. ಅವನು ಹೊಡೆದ. ಚಕ್ರ ಉಸುಕಿನಲ್ಲಿ ಜಾರಿತು. ನನ್ನ ಮೊಣಕೈ ಮುರಿಯಿತು, ಅವನಿಗೆ ಒಂದು ತರಚು ಗಾಯವೂ ಆಗಲಿಲ್ಲ. ತನಗೇನೂ ಆಗಲಿಲ್ಲವೆಂಬುದೇ ಅವನನ್ನು ಬಹಳ ಕಾಡಿರಬೇಕು. ಆಮೇಲೆ ನಾನು ಹಿಂದೆ ಕೂತಿದ್ದಾಗ ಅವನು ಎಂದೂ ಜೋರಾಗಿ ಪೆಡಲ್ ತುಳಿಯಲಿಲ್ಲ.

ನನ್ನ ನೌಕರಿಗಾಗಿ ಅವನು ಗಾಡಿ ಕಟ್ಟಿದ್ದು ಆ ವರ್ಷದ ಮಳೆಗಾಲದಲ್ಲಿ. ಪೆಟ್ರೋಲಿನ ಗಾಡಿಯಾದರೆ ಕಿಕ್ ಹೊಡೆಯಲು, ಗೇರ್ ಹಾಕಲು ಕಾಲು ಬೇಕು. ಬ್ಯಾಟರಿಯ ಗಾಡಿಗೆ ಕೈಯೊಂದೇ ಸಾಕು ಎಂಬುದು ಅವನ ಲೆಕ್ಕ. ಹಳೆಯ ಲೂನಾದ ಎರಡು ಗಾಲಿ ಮುಂದೆ, ಆಟೋರಿಕ್ಷಾದ ಎರಡು ಗಾಲಿ ಹಿಂದೆ, ಜೀಪಿನ ಹರಕು ಸೀಟು, ಎಣ್ಣೆಯ ಬ್ಯಾರಲ್ ಕತ್ತರಿಸಿ ತಟ್ಟಿದ ತಗಡಿನ ಮೈ. ಸೀಟಿನ ಕೆಳಗೆ ಟ್ರ್ಯಾಕ್ಟರಿನ ಎರಡು ಬ್ಯಾಟರಿ. ಮೋಟರಿನ ಜಾಗಕ್ಕೆ ಹಳೆಯ ಲಾರಿಯೊಂದರ ಡೈನಮೋ. ತಿರುಗಿಸಿದರೆ ಕರೆಂಟು ಕೊಡುವ ಡೈನಮೋಗೆ ಕರೆಂಟು ಕೊಟ್ಟರೆ ಅದೇ ತಿರುಗುತ್ತದೆ ಎಂದು ಅವನು ಹೇಳಿದಾಗ ನನಗೆ ಅದೊಂದು ಹಬ್ಬದ ಸುದ್ದಿಯಂತೆ ಕೇಳಿಸಿತ್ತು. ಬಲಗೈಗೆ ಸಿಗುವಂತೆ ಒಂದು ಪೆಟ್ಟಿಗೆ, ಅದರ ಮೇಲೆ ಒಂದು, ಎರಡು, ಮೂರು ಎಂದು ಬಿಳಿ ಬಣ್ಣದಲ್ಲಿ ಬರೆದ ಸ್ವಿಚ್ಚು.

ನಾವು ಅದನ್ನು ಕಾರು ಎಂದು ಕರೆದೆವು. ನಾಲ್ಕು ಗಾಲಿ ಇದ್ದವಲ್ಲ.

ಆದರೆ ಆ ಕಾರು ನಡೆಯುವವರ ವೇಗಕ್ಕೂ ಬರಲಿಲ್ಲ. ಸ್ವಿಚ್ಚು ತಿರುವಿದರೆ ಮೊದಲು ಒಳಗೆಲ್ಲೋ ಗುಂಯ್ ಎಂದು ನರಳಿ, ಯೋಚನೆ ಮಾಡಿ, ಆಮೇಲೆ ಹೊರಡುತ್ತಿತ್ತು. ನನ್ನ ಶಾಲೆಯ ಮಕ್ಕಳು ನನಗಿಂತ ಮುಂದೆ ಹೋಗಬಾರದೆಂಬ ಮರ್ಯಾದೆಗೆ ಹಿಂದೆ ಹಿಂದೆ ಹೆಜ್ಜೆ ಸಣ್ಣ ಮಾಡಿಕೊಂಡು ಬರುತ್ತಿದ್ದವು. ಒಮ್ಮೆ ಕುರಿ ಹಿಂಡಿನ ಮುದುಕನೊಬ್ಬ ಹಿಂದಿನಿಂದ, "ಕುರಿ ಮುಂದ ಹೊಡಕೊಂಡ ಹೋಗ್ಲೇನ್ರಿ ಅಕ್ಕೋರ?" ಎಂದು ಬಹಳ ವಿನಯದಿಂದ ಕೇಳಿದ. ನಾನು ಗಾಡಿಯನ್ನು ಬದಿಗೆ ಒತ್ತಿದೆ. ಕುರಿಗಳೆಲ್ಲ ಹೋಗುವ ತನಕ ಧೂಳಿನಲ್ಲಿ ಕೂತಿದ್ದೆ.

"ಮೂರನೇದಕ್ಕ ಹಾಕಿದ್ರೂ ಎರಡರಷ್ಟ ಓಡತೈತಿ" ಎಂದು ಅಣ್ಣನಿಗೆ ಹೇಳಿದೆ.

"ಹೊಸಾ ಗಾಡಿ ಐತಿ. ಪಳಗಲಿ" ಅಂದ.

ದಿನಾ ಬೆಳಿಗ್ಗೆ ಅವನು ಗಾಡಿಯ ಹಿಂದೆ, ಸೀಟಿನ ಮೇಲೆ ಒಂದು ಕೈ ಇಟ್ಟುಕೊಂಡು ರಸ್ತೆಯ ತನಕ ನಡೆದು ಬರುತ್ತಿದ್ದ. ದೊಡ್ಡ ರಸ್ತೆಯಲ್ಲಿ ಎರಡೂ ಕಡೆ ಕೈ ತೋರಿಸಿ ಲಾರಿಗಳನ್ನು ನಿಲ್ಲಿಸಿ ನನ್ನನ್ನು ದಾಟಿಸಿ ಅಂಗಡಿಗೆ ಹೋಗುತ್ತಿದ್ದ. ಸಂಜೆ ಮತ್ತೆ ಅದೇ ಜಾಗದಲ್ಲಿ ನಿಂತಿರುತ್ತಿದ್ದ.

ಕಬ್ಬು ಕಡಿಯುವ ಹಂಗಾಮು ಶುರುವಾಗಿತ್ತು. ಒಂದು ಸಂಜೆ ಅವನು ಅಲ್ಲಿರಲಿಲ್ಲ. ಬಾವಿಯಿಂದ ಮೋಟರು ಎತ್ತಿಸಲು ಮುಗಳಖೋಡಕ್ಕೆ ಹೋದವನಿಗೆ ಬಸ್ಸು ತಪ್ಪಿತ್ತು. ನಾನು ಸ್ವಲ್ಪ ಹೊತ್ತು ಕಾದೆ. ರಸ್ತೆ ಎರಡೂ ಕಡೆ ಖಾಲಿ ಕಾಣಿಸಿತು. ಸ್ವಿಚ್ಚು ತಿರುವಿದೆ. ಗಾಡಿ ಎಂದಿನಂತೆ ನರಳಿ, ಡಾಂಬರಿನ ಏರು ಹತ್ತಲು ಒದ್ದಾಡಿ, ಅಂತೂ ರಸ್ತೆಯ ನಡುವೆ ಬಂತು. ಅಷ್ಟರಲ್ಲಿ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಾಣಿಸಿತು. ಹಿಂದೆ ಎರಡು ಟ್ರೇಲರ್. ಅಷ್ಟು ಭಾರ ಹೊತ್ತದ್ದು ಹಾಗೆಲ್ಲ ಥಟ್ಟನೆ ನಿಲ್ಲುವುದಿಲ್ಲ. ನಾನು ಸ್ವಿಚ್ಚನ್ನು ಮೂರಕ್ಕೆ ಒತ್ತಿ ಒತ್ತಿ ಹಿಡಿದೆ. ಗಾಡಿ ತನ್ನ ಪಾಡಿಗೆ ತಾನು ತೆವಳುತ್ತಿತ್ತು.

ಡ್ರೈವರ್ ಟ್ರ್ಯಾಕ್ಟರನ್ನು ರಸ್ತೆಯಿಂದ ಕೆಳಗೆ, ಮಣ್ಣಿಗೆ ಇಳಿಸಿಬಿಟ್ಟ. ಹಿಂದಿನ ಟ್ರೇಲರ್ ವಾಲಿ, ಕಬ್ಬಿನ ಹೊರೆಗಳು ನನ್ನ ಮುಂದೆಯೇ ಉರುಳಿದವು. ಅವನು ಜಿಗಿದು ಬಂದ. ಗಡಿಯ ಆಚೆಯವನು, "ಅಹೋ ಬಾಯಿ, ಮರಾಯಚಂ ಆಹೆ ಕಾ?" ಎಂದು ಮರಾಠಿಯಲ್ಲಿ ಚೀರುತ್ತ ಬಂದವನ ಕಣ್ಣು ಸೀಟಿನ ಪಕ್ಕದಲ್ಲಿದ್ದ ಊರುಗೋಲುಗಳ ಮೇಲೆ ಬಿತ್ತು. ಸಾಯಬೇಕಂತೀಯೇನು ಎಂದು ಕೇಳಿದವನು, ಬೈಗುಳ ಅಲ್ಲಿಗೇ ಬಿಟ್ಟು ಹಿಂದೆ ಹೋಗಿ ಎರಡೂ ಕೈ ಹಚ್ಚಿ ನನ್ನ ಗಾಡಿಯನ್ನು ಆಚೆ ದಡಕ್ಕೆ ತಳ್ಳಿದ. "ಸಾವಕಾಶ ಜಾ" ಎಂದ. ಅವನ ಬೈಗುಳ ಪೂರ್ತಿಯಾಗಿದ್ದರೆ ನನಗೆ ಅಳು ಬರುತ್ತಿರಲಿಲ್ಲ. ಅವನು ತಳ್ಳಿದ್ದಕ್ಕೆ ಬಂತು.

ಮನೆಗೆ ಬಂದವಳೇ ಅಂಗಳದಲ್ಲಿ ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ವಿಚ್ಚಿನ ಪೆಟ್ಟಿಗೆ ಬಿಚ್ಚಿದೆ. ವೈಂಡಿಂಗ್ ಅಂಗಡಿಯವನ ತಂಗಿಗೆ ಅಷ್ಟಾದರೂ ಗೊತ್ತಿರುತ್ತದೆ. ಒಳಗೆ ಕರೆಂಟಿನ ಒಲೆಯ ಕಾಯಿಲಿನಂಥ ತಂತಿಯ ಸುರುಳಿ ಇತ್ತು. ಕರೆಂಟು ಅದರ ಮೂಲಕ ಹಾದು ಬಂದರೆ ಅರ್ಧಕ್ಕರ್ಧ ಅಲ್ಲೇ ಕಾವಾಗಿ ಹೋಗುತ್ತದೆ, ಗಾಡಿ ನಿಧಾನವಾಗುತ್ತದೆ. ಮೂರನೆಯ ಪಾಯಿಂಟು ಆ ಸುರುಳಿಯನ್ನು ಬಿಟ್ಟು ನೇರವಾಗಿ ಮೋಟರಿಗೆ ಹೋಗಬೇಕಾದದ್ದು. ಅಣ್ಣ ಅದನ್ನು ಎರಡನೆಯದಕ್ಕೇ ಕಟ್ಟಿದ್ದ.

ಅಣ್ಣ ಬಂದಾಗ ಪೆಟ್ಟಿಗೆ ಇನ್ನೂ ತೆರೆದೇ ಇತ್ತು. ನೋಡಿದ. ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

"ಮೂರನೇದಕ್ಕ ಬ್ಯಾರೆ ತಂತೀನ ಇಲ್ಲಲ್ಲೋ ಅಣ್ಣಾ."

"ಇಲ್ಲ."

"ಮತ್ತ ಮೂರು ಅಂತ ಯಾಕ ಬರದಿ?"

"ನೀ ಕೇಳತಿದ್ದಿ, ಅದಕ್ಕ. ಅವತ್ತ ಮುರದ ನಿನ್ನ ಕೈ ಇನ್ನೂ ಪೂರಾ ನೆಟ್ಟಗ ಆಗೂದಿಲ್ಲ. ನಾ ದಿನಾ ನೋಡತೀನಿ" ಅಂದ.

ನಾನು ಟ್ರ್ಯಾಕ್ಟರಿನ ಸುದ್ದಿ ಹೇಳಿದೆ. ಹೇಳಬಾರದು ಅಂದುಕೊಂಡಿದ್ದೆ, ಆದರೂ ಹೇಳಿದೆ. "ನನಗೇನ ರೇಸ್ ಹಚ್ಚಾಕ ಬೇಕಾಗಿಲ್ಲ. ನಿಂತಲ್ಲಿಂದ ಲಗೂನ ಏಳಬೇಕು, ಅಷ್ಟ. ನೀ ಇಲ್ಲದ ದಿನಾನೂ ನಾ ರಸ್ತೆ ದಾಟಬೇಕಲ್ಲೋ" ಅಂದೆ.

ಅವನು ಗಾಡಿಯ ಪಕ್ಕ ನೆಲದ ಮೇಲೆ ಕೂತ. ಅವ್ವ ಎರಡು ಸಲ ಊಟಕ್ಕೆ ಕರೆದಳು. ಅವನು ಸ್ವಿಚ್ಚಿನ ಪೆಟ್ಟಿಗೆಯೊಳಗೆ ನೋಡುತ್ತ, "ಹೌದು" ಎಂದಷ್ಟೇ ಹೇಳಿದ. ಯಾರಿಗೆ ಹೇಳಿದನೋ.

ಬೆಳಿಗ್ಗೆ ಎದ್ದು ಮೂರನೆಯ ಪಾಯಿಂಟಿಗೆ ನೇರ ತಂತಿ ಕೊಟ್ಟು ನೋಡಿದ. ಗಾಡಿ ಒಂದಿಷ್ಟು ಚುರುಕಾಯಿತು, ಆದರೆ ಹತ್ತು ನಿಮಿಷದಲ್ಲಿ ಡೈನಮೋ ಕಾದು ಸುಟ್ಟ ವಾಸನೆ ಬಂತು. "ಇದರ ತಾಕತ್ತ ಇಷ್ಟ" ಅಂದವನು ಅಂಗಿ ಹಾಕಿಕೊಂಡು ಕಾಗವಾಡದ ಮೇಲೆ ಮಿರಜಿಗೆ ಹೋಗುವ ಬಸ್ಸು ಹತ್ತಿದ. ಮಿರಜಿನ ಹಳೇ ಕಬ್ಬಿಣದ ಅಂಗಡಿಗಳಲ್ಲಿ ಮೂರು ಸಲ ಹುಡುಕಿದ ಮೇಲೆ ಸಿಕ್ಕಿದ್ದು, ಯಾವುದೋ ಕಾರ್ಖಾನೆಯಲ್ಲಿ ಸಾಮಾನು ಸಾಗಿಸುತ್ತಿದ್ದ ಬ್ಯಾಟರಿ ಗಾಡಿಯ ಮೋಟರು. ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ತಂದ. ಒಳಗಿನ ತಂತಿಯೆಲ್ಲ ಸುಟ್ಟು ಕರಕಲಾಗಿತ್ತು.

ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ತಿರುಗುವ ಗುಂಡನ್ನು, ಅಂದರೆ ಆರ್ಮೇಚರನ್ನು, ಒಂದು ರವಿವಾರ ನನ್ನ ಮಡಿಲಲ್ಲಿಟ್ಟ. ಪಕ್ಕದಲ್ಲಿ ಹೊಳೆಯುವ ಹೊಸ ತಾಮ್ರದ ತಂತಿಯ ಉಂಡೆ.

"ಇದನ್ನ ನೀನ ಕಟ್ಟು" ಅಂದ.

"ನಾನ? ನೀ ಇದ್ದಾಗ ನಾ ಯಾಕ?"

ಅವನು ನನಗೆ ಬಿಡಿಸಿ ಹೇಳಿದ. ತಂತಿಯ ಎಳೆ ತೆಳ್ಳಗಿದ್ದು ಸುತ್ತು ಹೆಚ್ಚಾದರೆ ಮೋಟರು ನಿಧಾನ. ಎಳೆ ದಪ್ಪವಾಗಿ ಸುತ್ತು ಕಡಿಮೆಯಾದರೆ ಕರೆಂಟು ಹೆಚ್ಚು ಎಳೆದುಕೊಂಡು ಥಟ್ಟನೆ ಏಳುತ್ತದೆ. ಪ್ರತಿ ಗಾಳೆಗೆ, ಅಂದರೆ ತಂತಿ ಕೂರುವ ಸಂದಿಗೆ, ಎಷ್ಟು ಸುತ್ತು ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟ. ಆಮೇಲೆ ನನ್ನ ಮುಖ ನೋಡದೆ, "ನಾ ಕಟ್ಟಿದ್ರ ಅಂಜಿ ಎರಡ ಸುತ್ತ ಜಾಸ್ತಿ ಹಾಕಿಬಿಡತೀನಿ. ನನ್ನ ಕೈ ನನಗ ಗೊತ್ತೈತಿ" ಅಂದ.

ಮೂರು ರವಿವಾರ ನಾನು ಆರ್ಮೇಚರ್ ಕಟ್ಟಿದೆ. ತಂತಿ ಬೆರಳು ಕೊಯ್ಯುತ್ತಿತ್ತು. ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಮೊದಲಿನಿಂದ. ಅವನು ಪಕ್ಕದಲ್ಲಿ ಕೂತು ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ಶು ಉಜ್ಜುತ್ತ, ಹಿಂದಿನ ಗಾಲಿಗಳಿಗೆ ಹೊಸ ಬ್ರೇಕು ಕೂರಿಸುತ್ತ ಇರುತ್ತಿದ್ದ. ನನ್ನ ಎಣಿಕೆಯ ನಡುವೆ ಒಂದು ಮಾತೂ ಆಡುತ್ತಿರಲಿಲ್ಲ. ವಾರ್ನಿಶ್ ಹಚ್ಚಿ ಬಿಸಿಲಿಗಿಟ್ಟ ದಿನ ಅವ್ವ ಹಪ್ಪಳದ ಪಕ್ಕದಲ್ಲಿ ಅದನ್ನೂ ಕಾಯುತ್ತ ಕೂತಳು. ಸೀಟಿನ ಕೆಳಗೆ ಮೂರನೆಯ ಬ್ಯಾಟರಿ ಬಂತು. ಮಂಚಕ್ಕೆ ಹೆಣೆಯುವ ನವಾರಿನ ಪಟ್ಟಿಯಿಂದ ಅಣ್ಣ ನನ್ನ ಸೊಂಟಕ್ಕೊಂದು ಬೆಲ್ಟ್ ಹೊಲಿಸಿ ತಂದ.

ಗಾಡಿ ಹೊರಬಿಟ್ಟದ್ದು ಬೆಳಗಿನ ಹೊತ್ತು, ನಮ್ಮ ತೋಟದ ಹಾದಿಯಲ್ಲಿ. ಅವನು ಬೆಲ್ಟನ್ನು ತಾನೇ ಕಟ್ಟಿ, ಎರಡು ಸಲ ಎಳೆದು ನೋಡಿ, ಹಿಂದೆ ಹೋಗಿ ಸೀಟಿನ ಮೇಲೆ ಕೈ ಇಟ್ಟ.

"ಒಂದ ಹಾಕು. ಎರಡ. ಈಗ ಬ್ಯಾಡ, ಇನ್ನೊಂದೀಟ ಮುಂದ ಹೋಗಲಿ… ಹ್ಞಾಂ, ಈಗ ಮೂರ ಹಾಕು."

ಹಾಕಿದೆ. ಗಾಡಿ ಜಿಗಿಯಿತು. ನನ್ನ ಬೆನ್ನು ಸೀಟಿಗೆ ಹೋಗಿ ಅಂಟಿತು, ಸೆರಗು ಹಾರಿತು, ಎರಡೂ ಕಡೆಯ ಕಬ್ಬು ಹಿಂದೆ ಸರಿಯತೊಡಗಿತು. ಆ ತನಕ ನನ್ನ ಜೀವನದಲ್ಲಿ ಎಲ್ಲರೂ ನನಗಾಗಿ ನಿಂತು ಕಾದಿದ್ದರು. ಯಾವುದೂ ನನ್ನಿಂದ ಹಿಂದೆ ಉಳಿದದ್ದನ್ನು ನಾನು ನೋಡಿರಲಿಲ್ಲ. ನಾನು ಕೂಗಿದೆನಂತೆ. ಏನೆಂದು ಕೂಗಿದೆನೋ ಗೊತ್ತಿಲ್ಲ. ಹುಣಸೆಮರದ ಹತ್ತಿರ ಬ್ರೇಕು ಹಿಡಿದು ತಿರುಗಿ ನೋಡಿದರೆ, ಅಣ್ಣ ಬಹಳ ದೂರ, ಸಣ್ಣಗೆ, ಮೊಣಕಾಲ ಮೇಲೆ ಕೈಯೂರಿ ಬಾಗಿ ನಿಂತಿದ್ದ. ಅವನಿಗೇನೋ ಆಯಿತು ಎಂದುಕೊಂಡೆ. ಗಾಡಿ ತಿರುಗಿಸಿಕೊಂಡು ಬಂದೆ. ಅವನು ಏದುಸಿರು ಬಿಡುತ್ತ ನಗುತ್ತಿದ್ದ, ಕಣ್ಣು ಒದ್ದೆಯಾಗಿದ್ದವು.

"ಹಿಡಕೊಂಡಿದ್ದೆ ತಂಗಿ. ಕೈಯಾಗಿಂದ ಹೋಗಿಬಿಟ್ಟಿ" ಅಂದ.

ಸೋಮವಾರ ರಸ್ತೆಯ ಹತ್ತಿರ ಬಂದಾಗ ನಾನೇ ಅವನಿಗೆ, "ನೀ ಇಲ್ಲೇ ನಿಂದರು" ಅಂದೆ. ಒಂದು ಲಾರಿ ಹೋಯಿತು, ಒಂದು ಬಸ್ಸು ಹೋಯಿತು. ರಸ್ತೆ ತೆರವಾದದ್ದೇ ಸ್ವಿಚ್ಚು ತಿರುವಿದೆ. ನಾಲ್ಕು ಉಸಿರಿನಲ್ಲಿ ಆಚೆ ಇದ್ದೆ. ತಿರುಗಿ ನೋಡಿದರೆ ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ. "ದಾಟೀನೋ!" ಎಂದು ಕೂಗಬೇಕಾಯಿತು.

ಒಂದು ವಾರ ಹಾಗೆಯೇ ಬಂದು ನಿಂತ. ಆಮೇಲೆ ಬರುವುದನ್ನು ಬಿಟ್ಟ. ಬಿಡಲು ಅವನಿಗೆ ಕಷ್ಟವಾಗಿರಬೇಕು, ಏಕೆಂದರೆ ಮುಂದೆಷ್ಟೋ ದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅಂಗಡಿಯಲ್ಲಿ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದನೆಂದು ಪಕ್ಕದ ಚಹಾದವರು ನನಗೆ ಹೇಳಿದ್ದಾರೆ.

ಗಾಡಿ ತೊಂದರೆ ಕೊಡಲಿಲ್ಲ ಎಂದಲ್ಲ. ಚೈನು ಎರಡು ಸಲ ಹರಿಯಿತು. ಹೊಸ ಮೋಟರು ಕಾರ್ಬನ್ ಬ್ರಶ್ಶುಗಳನ್ನು ಬೇಗ ಬೇಗ ತಿನ್ನುತ್ತಿತ್ತು. ಅವುಗಳನ್ನು ಬದಲಿಸುವುದನ್ನು ನಾನೇ ಕಲಿತೆ. ಶಾಲೆಯ ಮುಂದೆ ಕೂತು ಬಿಚ್ಚಿದರೆ ಮಕ್ಕಳು ಸುತ್ತ ನಿಂತು ಮೋಟರಿನ ಪಾಠ ಕೇಳುತ್ತಿದ್ದವು.

ನಾಲ್ಕೈದು ವರ್ಷ ಅದರಲ್ಲೇ ಓಡಾಡಿದೆ. ಆಮೇಲೆ ಚಿಕ್ಕೋಡಿಗೆ ವರ್ಗವಾಗಿ, ಶಾಲೆಯ ಪಕ್ಕದಲ್ಲೇ ಬಾಡಿಗೆ ಮನೆ ಸಿಕ್ಕಿತು. ಗಾಡಿಯನ್ನು ಅಣ್ಣ ನನ್ನಂಥವರೇ ಆದ ಇನ್ನೊಬ್ಬ ಮಾಸ್ತರರಿಗೆ ಕೊಟ್ಟ. ಕೊಡುವ ಮೊದಲು ಅವರನ್ನು ಅಂಗಡಿಯಲ್ಲಿ ಕೂರಿಸಿ ಬ್ರೇಕಿನ ಬಗ್ಗೆ ಬಹಳ ಹೊತ್ತು ಹೇಳಿದನಂತೆ.

ಆ ವರ್ಷಗಳಲ್ಲಿ ನನಗೆ ಹೆಚ್ಚು ನೆನಪಿರುವುದು ಒಂದು ಮಧ್ಯಾಹ್ನ. ಚಿಕ್ಕವ್ವನಿಗೆ ಮೈಯಲ್ಲಿ ಆರಾಮಿಲ್ಲವೆಂದು ಹೇಳಿಕಳಿಸಿದ್ದರು. ಅವಳ ತೋಟ ನಮ್ಮಿಂದ ಮೂರು ಮೈಲಿ. ಅಣ್ಣ ಊರಲ್ಲಿರಲಿಲ್ಲ, ಬಸ್ಸಿನ ಹೊತ್ತೂ ಅಲ್ಲ. ನಾನು ಅವ್ವನಿಗೆ, "ಹತ್ತು" ಅಂದೆ. ಅವಳು ಸೀಟಿನ ತುದಿಯಲ್ಲಿ ಕೂತು, ಒಂದು ಕೈಯಿಂದ ತಗಡನ್ನೂ ಇನ್ನೊಂದರಿಂದ ನನ್ನ ತೋಳನ್ನೂ ಹಿಡಿದಳು. ಎಂಟು ವರ್ಷದ ತನಕ ನನ್ನನ್ನು ಸೊಂಟದ ಮೇಲೆ ಹೊತ್ತವಳು. ಗಾಡಿ ಎದ್ದಾಗ "ಯವ್ವಾ" ಎಂದು ನನ್ನ ಭುಜಕ್ಕೆ ಮುಖ ಒತ್ತಿದಳು. ಕಾಲುವೆ ದಾಟಿದ ಮೇಲೆ ಮುಖ ಎತ್ತಿದಳು. ಸ್ವಲ್ಪ ಹೊತ್ತಿಗೆ ತಗಡು ಹಿಡಿದ ಕೈ ಬಿಟ್ಟು ಸೆರಗು ಸರಿಮಾಡಿಕೊಂಡಳು. ಆಮೇಲೆ ನನ್ನ ಕಿವಿಯ ಹತ್ತಿರ, ಯಾರಾದರೂ ಕೇಳಿಯಾರು ಎಂಬಂತೆ ಮೆಲ್ಲಗೆ, "ಇನ್ನೊಂದೀಟ ಜೋರ ಬಿಡ" ಅಂದಳು.

ಚಿಕ್ಕವ್ವ ಜ್ವರದಲ್ಲೇ ಎದ್ದು ಬಾಗಿಲಿಗೆ ಬಂದಿದ್ದಳು. "ಇಷ್ಟ ಲಗೂನ ಹೆಂಗ ಬಂದಿಬೇ?" ಎಂದು ಕೇಳಿದಳು.

"ಮಗಳು ಕರಕೊಂಡ ಬಂದಾಳ" ಅಂದಳು ಅವ್ವ.