ಡೊಬ್ರಿಯ ಸಾವಿನ ಚೀಟಿ

ನಮ್ಮೂರಿನ ಡೊಬ್ರಿ ಮಾಡಿದ ಸಿನಿಮಾದಲ್ಲಿ ಏನೇನು ತಪ್ಪಿದೆ ಅಂತ ನನ್ನನ್ನು ಕೇಳಿ, ಬೇಕಾದಷ್ಟು ಹೇಳುತ್ತೇನೆ. ಹೊರಗಿನವರು ಹೇಳಿದರೆ ಮಾತ್ರ ಮೈ ಉರಿಯುತ್ತದೆ. ಕತೆ ನೂರಾರು ವರ್ಷ ಹಿಂದೆ ನಮ್ಮ ಬೆಟ್ಟಗಳನ್ನು ಆಳುತ್ತಿದ್ದ ಸುಲ್ತಾನರ ಕಾಲದ್ದು, ಪೊಲೀಸರ ಕೈಯಲ್ಲಿ ಗಡಿಯಾರ. ದರೋಡೆಕೋರರು ನಾಲ್ಕು ಜನ, ಅವರನ್ನು ಹಿಡಿಯಲು ಬರುವ ಪೊಲೀಸರೂ ಅದೇ ನಾಲ್ಕು ಜನ, ಟೋಪಿ ಮಾತ್ರ ಬೇರೆ. ಬೆಟ್ಟದಿಂದ ಉರುಳಿದ ಬಂಡೆ ಹೊಳೆಗೆ ಬಿದ್ದು ತೇಲಿಕೊಂಡು ಹೋಗುತ್ತದೆ, ಥರ್ಮಾಕೋಲಿನದು. ಇನ್ನು ಪೊಲೀಸರ ಮುಖ್ಯಸ್ಥ ನಾನೇ. ಊರಿನ ಗ್ರಂಥಾಲಯ ನೋಡಿಕೊಳ್ಳುವ ಐವತ್ತೆಂಟರ ಹೆಂಗಸು ಝ್ಲಾತ್ಕಾ, ಮೇಕೆ ಕೂದಲಿನ ಮೀಸೆ ಅಂಟಿಸಿಕೊಂಡು ಹೇಸರಗತ್ತೆಯ ಮೇಲೆ ಬರುತ್ತೇನೆ.

ಆದರೆ ಹೊಳೆ ನಿಜವಾದದ್ದು. ಏಪ್ರಿಲಿನಲ್ಲಿ ಹಿಮ ಕರಗಿ ನಮ್ಮೂರ ಅರ್ದಾ ಹೊಳೆ ಹುಚ್ಚೆದ್ದು ಹರಿಯುವಾಗ, ಅರವತ್ಮೂರು ವರ್ಷದ ಡೊಬ್ರಿ ಎದೆಮಟ್ಟದ ನೀರಿನಲ್ಲಿ ಒಂದು ಹಗ್ಗ ನಂಬಿಕೊಂಡು ದಾಟಿದ್ದಾನೆ. ಅವನ ಮುಖದಲ್ಲಿ ಕಾಣುವ ಭಯ ನಟನೆಯಲ್ಲ. ಕೋಟಿಗಟ್ಟಲೆ ಸುರಿಯುವವರು ಆ ಭಯವನ್ನು ಎಲ್ಲಿಂದ ತರುತ್ತಾರೆ ಹೇಳಿ ನೋಡೋಣ.

ಡೊಬ್ರಿ ಮೂವತ್ತು ವರ್ಷ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿದವನು. ಮದುವೆಯಾಗಲಿಲ್ಲ. ನಾಲ್ಕು ವರ್ಷದವನಿದ್ದಾಗ ತಾಯಿ ಹೋದಳು. ಸಾಕಿದವಳು ಅಕ್ಕ ಎಲೆಂಕಾ, ಆಗ ಅವಳಿಗೆ ಹದಿನಾರು. ಈಗ ಪಕ್ಕದ ಕಣಿವೆಯಲ್ಲಿದ್ದಾಳೆ. ಲಾರಿಯಲ್ಲಿ ಒಬ್ಬನೇ ಕೂತು ಡೊಬ್ರಿ ಕತೆ ಕಟ್ಟುತ್ತಿದ್ದ: ದರೋಡೆಕೋರರ ನಾಯಕನೊಬ್ಬ ಸತ್ತಂತೆ ಮಲಗಿ, ಶವಪೆಟ್ಟಿಗೆಯಲ್ಲೇ ಪೊಲೀಸರ ಕಣ್ಣೆದುರು ಊರಾಚೆ ಹೋಗಿ, ಕರಡಿ ಕಣಿವೆಯಲ್ಲಿ ಬಚ್ಚಿಟ್ಟ ಚರ್ಚಿನ ಬೆಳ್ಳಿ ತರುವ ಕತೆ. ಕೆಲಸದಿಂದ ನಿವೃತ್ತನಾದ ಮೇಲೆ ಅದನ್ನು ಸಿನಿಮಾ ಮಾಡಲು ಹೊರಟ, ಆ ನಾಯಕ ತಾನೇ ಆಗಿ. ಕ್ಯಾಮೆರಾ ಹಿಡಿಯಲು ಸ್ಪಾಸ್ ಸಿಕ್ಕ. ಇಪ್ಪತ್ತು ವರ್ಷದಿಂದ ಸುತ್ತಲಿನ ಮದುವೆಗಳನ್ನೆಲ್ಲ ತೆಗೆದವನು. ಕತ್ತಿಕಾಳಗದ ನಡುವೆಯೂ ಅವನ ಕ್ಯಾಮೆರಾ ಊಟದ ಮೇಜನ್ನು ಹುಡುಕಿಕೊಂಡು ಹೋಗುತ್ತದೆ.

ಎಲೆಂಕಾ ಮೊದಲ ದಿನವೇ ಬಂದು ಬೈದಿದ್ದಳು. "ಈ ವಯಸ್ಸಿನಲ್ಲಿ ಬಂಡೆಯಿಂದ ಬಂಡೆಗೆ ಹಾರ್ತೀಯಂತೆ. ಒಂದಿನ ಬಸ್ ಸ್ಟಾಪಲ್ಲಿ ನಿನ್ನ ಸಾವಿನ ಚೀಟಿ ನೋಡೋ ಹಾಗೆ ಮಾಡ್ತೀಯ ನನಗೆ." ನಮ್ಮಲ್ಲಿ ಯಾರು ಸತ್ತರೂ ಫೋಟೊ ಹಾಕಿದ ಚೀಟಿ ಅಚ್ಚು ಹಾಕಿಸಿ ಮನೆ ಬಾಗಿಲಿಗೆ, ಬಸ್ ಸ್ಟಾಪಿಗೆ ಅಂಟಿಸುತ್ತಾರೆ.

"ಇಲ್ಲಕ್ಕಾ, ನಿನ್ನಾಣೆ," ಅಂದ ಡೊಬ್ರಿ.

ಎರಡು ವರ್ಷ ತೆಗೆದರು. ಉಳಿದದ್ದು ಒಂದೇ, ಆ ಶವಯಾತ್ರೆ. ಅದಿಲ್ಲದೆ ಇಡೀ ಸಿನಿಮಾಕ್ಕೆ ಅರ್ಥವೇ ಇಲ್ಲ. ಅದಕ್ಕೆ ಜನ ಬೇಕು, ಜನ ಬರುವುದಿಲ್ಲ. ಜೂನ್ ತಿಂಗಳಲ್ಲಿ ಇಡೀ ಊರನ್ನು ಆರು ಗಂಟೆ ಕಾಲ ಮಳೆಯಲ್ಲಿ ನಿಲ್ಲಿಸಿ, ಸ್ಪಾಸ್ ಕ್ಯಾಮೆರಾ ಆನ್ ಮಾಡುವುದನ್ನೇ ಮರೆತಿದ್ದ. ಅಂದಿನಿಂದ ಸಿನಿಮಾ ಅಂದರೆ ಎಲ್ಲರೂ ಮೂಗು ಮುರಿಯುತ್ತಿದ್ದರು. ಅಷ್ಟರಲ್ಲಿ ಸ್ಪಾಸ್‌ಗೆ ಸ್ಪೇನಿನಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತು, ಸೋಮವಾರ ಹೊರಡಬೇಕು. ಭಾನುವಾರ ಆದರೆ ಆಯಿತು, ಇಲ್ಲದಿದ್ದರೆ ಎರಡು ವರ್ಷದ ಪಾಡು ಹೊಳೆಪಾಲು.

ಶನಿವಾರ ಡೊಬ್ರಿ ಪಟ್ಟಣದಿಂದ ಸಾವಿನ ಚೀಟಿ ಮಾಡಿಸಿಕೊಂಡು ಬಂದ. ಕಪ್ಪು ಅಂಚು, ನಡುವೆ ಅವನದೇ ಫೋಟೊ, ಅವನದೇ ಹೆಸರು.

"ನಿನ್ನ ತಲೆ ನೆಟ್ಟಗಿದೆಯಾ?" ಅಂದೆ. "ಸುಲ್ತಾನರ ಕಾಲದಲ್ಲಿ ಫೋಟೊ ಹಾಕಿ ಚೀಟಿ ಅಂಟಿಸ್ತಿದ್ರಾ?"

"ಮತ್ತೆ ಅವನು ಸತ್ತಿದ್ದು ಊರಿಗೆ ಹೇಗೆ ಗೊತ್ತಾಗುತ್ತೆ?" ಅವನಿಗೆ ನಿಜಕ್ಕೂ ಬೇರೆ ದಾರಿ ಹೊಳೆದಿರಲಿಲ್ಲ. ಬೈದ ನನಗೂ ಹೊಳೆಯಲಿಲ್ಲ. ಬಾಗಿಲಲ್ಲಿ ಚೀಟಿ ಇಲ್ಲದೆ ಯಾರಾದರೂ ಸಾಯುವುದುಂಟೇ?

ಅಚ್ಚಿನವನು ಪಾಪ ರೂಢಿಯಂತೆ 'ಶವಯಾತ್ರೆ ಭಾನುವಾರ ಹನ್ನೊಂದಕ್ಕೆ, ಮನೆಯಿಂದ' ಅಂತಲೂ ಹಾಕಿದ್ದ. ದರೋಡೆಕೋರರು ಚೀಟಿ ನೋಡಿ ಟೋಪಿ ತೆಗೆಯುವ ದೃಶ್ಯವನ್ನು ಅಂದೇ ತೆಗೆದೆವು, ಒಮ್ಮೆ ಅವನ ಗೇಟಿನಲ್ಲಿ, ಒಮ್ಮೆ ಬಸ್ ಸ್ಟಾಪಿನಲ್ಲಿ. ಆಮೇಲೆ ಚೀಟಿ ಕಿತ್ತು ಹಾಕುವುದನ್ನು ನಾನೂ ಮರೆತೆ, ಅವನೂ ಮರೆತ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪೆಟ್ಟಿಗೆ ಇಟ್ಟು, ಡೊಬ್ರಿ ಮಲಗಿ, ನಾನು ಮೀಸೆ ಅಂಟಿಸಿಕೊಂಡು ಗೇಟಿನಲ್ಲಿ ನಿಂತೆ. ಹತ್ತು ಜನ ಬಂದರೆ ಪುಣ್ಯ ಅಂದುಕೊಂಡಿದ್ದೆವು. ಇಡೀ ಊರೇ ಬಂತು. ಸ್ಪಾಸ್ ಹಿಗ್ಗಿ ಕ್ಯಾಮೆರಾ ಹೊತ್ತು ಜನರ ನಡುವೆ ನುಗ್ಗಿದ. ನನಗೂ ಮೊದಲು ಖುಷಿಯೇ ಆಯಿತು. ಆಮೇಲೆ ಅವರ ಕೈ ನೋಡಿದೆ. ಎಲ್ಲರ ಕೈಯಲ್ಲೂ ಎರಡು ಹೂವು, ಇಲ್ಲವೇ ನಾಲ್ಕು. ನಮ್ಮಲ್ಲಿ ಬದುಕಿದವರಿಗೆ ಯಾರೂ ಸರಿಸಂಖ್ಯೆಯಲ್ಲಿ ಹೂ ತರುವುದಿಲ್ಲ, ಅದು ಸತ್ತವರಿಗೆ.

ಮೇಣದ ಬತ್ತಿ ಸರಿಮಾಡುವವಳಂತೆ ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ. "ಇವರೆಲ್ಲ ನೀನು ನಿಜವಾಗ್ಲೂ ಸತ್ತೆ ಅಂದ್ಕೊಂಡಿದ್ದಾರೆ ಕಣೋ."

ಅವನು ತುಟಿ ಅಲುಗಿಸದೆ ಅಂದ, "ಪೆಟ್ಟಿಗೆ ಹೊರೋವರೆಗೆ ಸುಮ್ನಿರು."

ಸುಮ್ಮನಿದ್ದೆ. ಅದು ತಪ್ಪು. ಸಿನಿಮಾದ ಆಸೆ ನನಗೂ ಇತ್ತಲ್ಲ. ಜೂನಿನ ಮಳೆಯ ನಂತರ ಡೊಬ್ರಿಯನ್ನು ಕಂಡಲ್ಲೆಲ್ಲ ಗೇಲಿ ಮಾಡುತ್ತಿದ್ದ ನೆರೆಯ ಮಿಂಚೊ ಬಂದು, ಪೆಟ್ಟಿಗೆ ಹಿಡಿದು ಗಳಗಳ ಅತ್ತ. "ನಿನ್ನ ಗರಗಸ ನನ್ನ ಹತ್ರಾನೇ ಇದೆ ಕಣೋ. ಹನ್ನೆರಡು ವರ್ಷದಿಂದ ಇಲ್ಲ ಅಂತ ಸುಳ್ಳು ಹೇಳ್ದೆ." ಹೆಣದ ಹುಬ್ಬು ಅಲುಗಿದ್ದನ್ನು ನಾನು ನೋಡಿದೆ. ಇನ್ನೈದು ನಿಮಿಷ ಸಾಕಿತ್ತು.

ಆಗ ಎಲೆಂಕಾ ಬಂದಳು. ಬಸ್ಸಿನವನು ಚೀಟಿ ನೋಡಿ ಅವಳಿಗೆ ಸುದ್ದಿ ಮುಟ್ಟಿಸಿದ್ದನಂತೆ. ತಿಥಿಗೆ ಬೇಯಿಸಿದ ಗೋಧಿಯ ಪಾತ್ರೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅಳಲಿಲ್ಲ. ಪಾತ್ರೆ ಕೆಳಗಿಟ್ಟು ತಮ್ಮನ ಅಂಗಿಯ ಗುಂಡಿ ಹಾಕತೊಡಗಿದಳು. "ಎದೆ ತೆರ್ಕೊಂಡು ತಿರುಗ್ಬೇಡ, ಶೀತ ಆಗುತ್ತೆ ಅಂತ ಎಷ್ಟು ಸಲ ಹೇಳಿದ್ದೆ," ಅನ್ನುತ್ತ ಕೆಳಗಿನಿಂದ ಒಂದೊಂದೇ ಹಾಕಿದಳು. ಕೊನೆಯ ಗುಂಡಿ ಮಾತ್ರ ಕೈಗೆ ಸಿಗಲಿಲ್ಲ, ತಡಕಾಡುತ್ತಲೇ ಇದ್ದಳು.

ಡೊಬ್ರಿ ಕಣ್ಣು ಬಿಟ್ಟ. "ಅಕ್ಕಾ, ಇದ್ದೀನಿ ನಾನು."

ಅವಳು ಅವನನ್ನೇ ನೋಡಿದಳು. ಕೊನೆಯ ಗುಂಡಿಯನ್ನೂ ಹಾಕಿದಳು. ಆಮೇಲೆ ಕೆನ್ನೆಗೆ ಒಂದು ಬಾರಿಸಿದಳು.

ಆಮೇಲೆ ಎದ್ದ ಗದ್ದಲ ಕೇಳಬೇಡಿ. ಉಗಿದರು, ಶಾಪ ಹಾಕಿದರು, ನನ್ನ ಮೀಸೆಯನ್ನು ಯಾರೋ ಕಿತ್ತರು. ಮಿಂಚೊ ಮೆಲ್ಲಗೆ ಕೇಳಿದ, "ಗರಗಸದ ಮಾತು ಕೇಳಿಸ್ತಾ?" "ಕೇಳಿಸ್ತು," ಅಂದ ಡೊಬ್ರಿ. ಸ್ಪಾಸ್ ತಲೆ ಮೇಲೆ ಕೈ ಹೊತ್ತು ಕೂತ, ಪೆಟ್ಟಿಗೆ ಇನ್ನೂ ಗೇಟು ದಾಟಿರಲಿಲ್ಲ.

"ಹೋಗ್ಲಿ ಬಿಡು, ಸಿನಿಮಾ ಬೇಡ," ಅಂತ ಡೊಬ್ರಿ ಒಂದು ಕಾಲು ಹೊರಗಿಟ್ಟ. ಅವನ ಮುಖ ನೋಡಲಾಗಲಿಲ್ಲ ನನಗೆ.

"ಮಲಗು," ಅಂದಳು ಎಲೆಂಕಾ. "ಎರಡು ವರ್ಷ ನನ್ನ ಪ್ರಾಣ ಹಿಂಡಿದ್ದು ಅರ್ಧಕ್ಕೆ ಬಿಡೋಕಾ? ಹೊರ್ರಪ್ಪಾ ಇವನನ್ನ."

ಅವಳ ಮಾತಿಗೆ ಯಾರು ಎದುರಾಡುತ್ತಾರೆ. ಮಿಂಚೊ ಮತ್ತೆ ಐವರು ಹೆಗಲು ಕೊಟ್ಟರು, ಬೇಕೆಂದೇ ಕುಲುಕಿಸಿಕೊಂಡು ಹೊತ್ತರು. ಸ್ಪಾಸ್ ಹಿಂದಿನಿಂದ ತೆಗೆದ. ಪರದೆಯ ಮೇಲೆ ಆ ಹೆಗಲುಗಳು ಬಿಕ್ಕಿ ಬಿಕ್ಕಿ ಅಳುತ್ತಿರುವಂತೆ ಕಾಣುತ್ತವೆ. ಅವರೆಲ್ಲ ನಗು ತಡೆಯಲಾರದೆ ಅಲುಗುತ್ತಿದ್ದರು.

ಸ್ಪಾಸ್ ಚಳಿಗಾಲವೆಲ್ಲ ಸ್ಪೇನಿನಲ್ಲಿ ಲಾರಿಯೊಳಗೇ ಕೂತು ಸಿನಿಮಾ ಜೋಡಿಸಿ ಕಳಿಸಿದ. ನಮ್ಮ ಗ್ರಂಥಾಲಯದ ಸಭಾಂಗಣದಲ್ಲಿ ತೋರಿಸಿದೆವು. ಬಂಡೆ ತೇಲಿದಾಗ ಜನ ಹೊಟ್ಟೆ ಹಿಡಿದು ನಕ್ಕರು, ಹೊಳೆ ದಾಟುವಾಗ ಉಸಿರು ಬಿಗಿಹಿಡಿದರು. ಶವಯಾತ್ರೆ ಬಂದಾಗ ಎಲೆಂಕಾ ಎದ್ದು ಹೊರಗೆ ಹೋದಳು. ಡೊಬ್ರಿ ಹಿಂದೆಯೇ ಓಡಿದ, ನಾನೂ ಹೋದೆ.

"ಇದ್ರಲ್ಲಿ ನೀನು ಕಣ್ಣು ಬಿಡ್ಲೇ ಇಲ್ಲ," ಅಂದಳು. ಆ ದಿನ ಅಳದವಳು ಈಗ ಅಳುತ್ತಿದ್ದಳು.

ಕಣ್ಣು ಬಿಟ್ಟದ್ದನ್ನು ಸ್ಪಾಸ್ ಕತ್ತರಿಸಿದ್ದ, ನ್ಯಾಯವಾಗಿಯೇ. ಡೊಬ್ರಿ ಅವನಿಗೆ ಫೋನ್ ಮಾಡಿ ಗುಂಡಿ, ಕಣ್ಣು, ಕಪಾಳಮೋಕ್ಷ, ಎಲ್ಲವನ್ನೂ ಮತ್ತೆ ಹಾಕಿಸಿದ. ಈಗ ಸತ್ತವನು ಪೊಲೀಸರ ಎದುರೇ ಕಣ್ಣು ಬಿಟ್ಟು ಮಾತಾಡಿ, ಏಟು ತಿಂದು, ಏನೂ ಆಗದವನಂತೆ ಶವವಾಗಿ ಹೋಗುತ್ತಾನೆ. ಮುಖ್ಯಸ್ಥಳಾದ ನಾನು ಬೆಪ್ಪಾಗಿ ನೋಡುತ್ತ ನಿಂತಿದ್ದೇನೆ. ಕತೆಯ ನಡು ಮುರಿದೇ ಹೋಯಿತು.

ಒಂದು ಸಣ್ಣ ಚಿತ್ರೋತ್ಸವದಲ್ಲಿ ತೀರ್ಪುಗಾರರೊಬ್ಬರು ಅದನ್ನೇ ಹೇಳಿದರು. "ಆ ಜನರಂಥ ಮುಖಗಳನ್ನ ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ, ಡೊಬ್ರಿಯವರೇ. ಆದರೆ ಅವನು ಕಣ್ಣು ಬಿಡೋ ಆ ಒಂದು ನಿಮಿಷ ತೆಗೆದುಹಾಕಿ. ತೆಗೆದ್ರೆ ಬಹುಮಾನ ನಿಮ್ಮದೇ ಅಂದ್ಕೊಳ್ಳಿ."

"ತಪ್ಪು ಅಂತ ನನಗೂ ಗೊತ್ತು ಸ್ವಾಮಿ," ಅಂದ ಡೊಬ್ರಿ. "ನಮ್ಮಕ್ಕ ನೋಡ್ತಾಳೆ. ಅವಳು ನೋಡ್ತಿರುವಾಗ ನಾನು ಸತ್ತಿರೋಕಾಗಲ್ಲ."

ಬಹುಮಾನ ಬೇರೆಯವರಿಗೆ ಹೋಯಿತು. ಸಿನಿಮಾ ಈಗಲೂ ಬೆಟ್ಟದ ಊರೂರು ಸುತ್ತುತ್ತಿದೆ. ಎಲೆಂಕಾ ಒಂದು ಪ್ರದರ್ಶನವನ್ನೂ ತಪ್ಪಿಸುವುದಿಲ್ಲ, ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಪರದೆಯ ಮೇಲೆ ಅವಳ ಕೈ ಕೊನೆಯ ಗುಂಡಿಗೆ ತಡಕಾಡುವಾಗ, ಪಕ್ಕದಲ್ಲಿ ಯಾರೇ ಕೂತಿರಲಿ, ಅವರ ತೋಳು ಹಿಡಿದು ಹೇಳುತ್ತಾಳೆ: "ಈಗ ಬಿಡ್ತಾನೆ ನೋಡಿ ಕಣ್ಣು."